ಶಿಶಿರನ ಹೆಸರಿನಲ್ಲಿ ಇನ್ನೊಬ್ಬರು

ಹೆಬಳೆಯ ಶಾಂಭವಿ ಎಂ.ಕಾಂ. ಓದಲು ಕುಮಟಾದ ಕ್ಯಾಂಪಸ್ಸಿಗೆ ಬಂದ ಮೊದಲ ಬೆಳಿಗ್ಗೆ, ಗೇಟು ದಾಟುತ್ತಿದ್ದಂತೆ ಕೈಯಲ್ಲಿದ್ದ ಮೊಬೈಲ್ ನಡುಗಿತು. ಕ್ಯಾಂಪಸ್ಸಿನ ವೈಫೈ ತಾನಾಗಿ ಸೇರಿಕೊಂಡು, ಪರದೆಯ ಮೇಲೆ ಅಕ್ಷರ ಮೂಡಿತು: 'ಶಿಶಿರ, ಮತ್ತೆ ಸ್ವಾಗತ.'

ಅವಳ ಕಾಲು ಮುಂದೆ ಹೋಗಲಿಲ್ಲ.

ಶಿಶಿರ ಅವಳ ಅಣ್ಣ, ಇಲ್ಲಿಯೇ ಓದುತ್ತಿದ್ದವನು. ಹೋದ ವರ್ಷ ಕಡಲ ಬಂಡೆಯ ಮೇಲೆ ನಿಂತು ಗಾಳ ಹಾಕುತ್ತಿದ್ದವನನ್ನು ತೆರೆ ಎಳೆದುಕೊಂಡಿತ್ತು. ಬೈಕಿನ ಚೀಲದಲ್ಲಿಟ್ಟಿದ್ದ ಮೊಬೈಲ್ ಮನೆಗೆ ಬಂತು. ಈಗ ಅದು ಶಾಂಭವಿಯ ಕೈಯಲ್ಲಿತ್ತು.

ವೈಫೈ ನೋಡಿಕೊಳ್ಳುವ ಗಿರೀಶನ ಕೋಣೆಗೆ ಹೋಗಿ ಮೊಬೈಲ್ ತೋರಿಸಿದಳು.

"ಹಳೇ ಪಾಸ್‌ವರ್ಡ್ ಇದರಲ್ಲೇ ಉಳ್ಕಂಡದೆ. ತೆಗೆದು ನಿನ್ನ ಹೆಸರು ಹಾಕುವಾ," ಎಂದು ಗಿರೀಶ ಕಂಪ್ಯೂಟರಿನತ್ತ ತಿರುಗಿದ. ಪರದೆಗೆ ಮುಖ ಹತ್ತಿರ ತಂದು ಒಂದೇ ಸಾಲನ್ನು ಮತ್ತೆ ಮತ್ತೆ ಓದಿದ.

"ಎಂತ ಆತು ಸರ್?"

"ನಿನ್ನಣ್ಣನ ಹೆಸರಿನಲ್ಲಿ ಇನ್ನೊಂದು ಮೊಬೈಲ್ ಅದೆ. ದಿನಾ ಬತ್ತದೆ. ಈಗಲೂ ಲೈಬ್ರರಿಯಲ್ಲಿ ಅದೆ. ಇವತ್ತೇ ಆ ಹೆಸರು ಮುಚ್ಚುವಾ."

ಅಣ್ಣನ ಹತ್ತಿರ ಇದ್ದದ್ದು ಇದೊಂದೇ ಮೊಬೈಲು.

ಲೈಬ್ರರಿಯ ಮೆಟ್ಟಿಲುಗಳನ್ನು ಅವಳು ಎರಡೆರಡಾಗಿ ಹತ್ತಿದಳು. ಅಲ್ಲಿ ಅಣ್ಣನೇ ಕೂತಿದ್ದರೆ? ಹಾಗೆ ಆಗುವುದಿಲ್ಲವೆಂದು ಗೊತ್ತಿತ್ತು. ಆದರೂ ಒಳಗೆ ಹೋದವಳು ಮೊದಲು ಹುಡುಕಿದ್ದು ಅವನು ಯಾವಾಗಲೂ ಹಾಕುತ್ತಿದ್ದ ನೀಲಿ ಅಂಗಿಯನ್ನೇ. ಸಾಲು ಮೇಜುಗಳೆಲ್ಲ ಖಾಲಿ. ಕಿಟಕಿಯ ಹತ್ತಿರ ಒಬ್ಬ ಹುಡುಗಿ ಮಾತ್ರ ಕೂತಿದ್ದಳು. ಅವಳು ತಲೆಯೆತ್ತಿ ನೋಡಿ, ಬೆಚ್ಚಿ ಎದ್ದು ನಿಂತಳು.

"ನೀನು ಶಿಶಿರನ ತಂಗಿ ಅಲ್ದಾ? ಅವನದ್ದೇ ಕಣ್ಣು."

ಅವಳು ಹೊಳನಗದ್ದೆಯ ಗಂಗೆ. ಒಮ್ಮೆ ಅವಳ ಮೊಬೈಲಿಗೆ ವೈಫೈ ಸಿಗದಿದ್ದಾಗ ಶಿಶಿರ ತನ್ನ ಪಾಸ್‌ವರ್ಡ್ ಹಾಕಿಕೊಟ್ಟಿದ್ದನಂತೆ.

"ತೆಗೆಯೂಕೆ ಮನಸ್ಸೇ ಬರ್ಲಿಲ್ಲ. ಗೇಟಿನ ಒಳಗೆ ಬಂದ ಕೂಡ್ಲೆ ಅವನ ಹೆಸರು ಕಾಣ್ತದೆ. ಅವ ನನಗಿಂತ ಮೊದಲೇ ಬಂದು ಕೂತಾಂಗೆ," ಎಂದಳು ಗಂಗೆ.

ಶಾಂಭವಿಗೆ ಸಿಟ್ಟು ಬಂತು. ಮನೆಯವರೆಲ್ಲ ಅತ್ತು ಸುಸ್ತಾಗಿದ್ದಾಗ, ಅವರ್ಯಾರಿಗೂ ಕಾಣದ ಒಬ್ಬ ಶಿಶಿರ ಇಲ್ಲಿ ದಿನವೂ ಬಂದು ಹೋಗುತ್ತಿದ್ದ. ಆದರೆ ಗಂಗೆ ಮೊಬೈಲನ್ನು ಎರಡೂ ಕೈಯಲ್ಲಿ ಎದೆಗೊತ್ತಿ ಹಿಡಿದಿದ್ದುದನ್ನು ಕಂಡು ಸಿಟ್ಟು ಇಳಿಯಿತು.

"ಗಿರೀಶ ಸರ್ ಇವತ್ತು ಆ ಹೆಸರು ಮುಚ್ತಾರೆ," ಎಂದಳು ಮೆಲ್ಲಗೆ.

ಇಬ್ಬರೂ ಮೊಬೈಲುಗಳನ್ನು ಮೇಜಿನ ಮೇಲಿಟ್ಟು ಕಾದರು. ಮೊದಲು ಶಾಂಭವಿಯದರಲ್ಲಿ, ಆಮೇಲೆ ಗಂಗೆಯದರಲ್ಲಿ ಹೆಸರು ಅಳಿಸಿಹೋಯಿತು. ಗಂಗೆ ಅಂಗೈಯಿಂದ ಬಾಯಿ ಮುಚ್ಚಿಕೊಂಡಳು.

"ನಮ್ಮನೆಗೆ ಬಾ," ಎಂದಳು ಶಾಂಭವಿ.

ಹೆಬಳೆಗೆ ಹೋಗಲು ಹತ್ತಿದ ಭಟ್ಕಳದ ಬಸ್ಸಿನಲ್ಲಿ ಹೊನ್ನಾವರದ ಸೇತುವೆ ದಾಟುವಾಗ ಇಬ್ಬರೂ ನೀರಿನತ್ತ ನೋಡಲಿಲ್ಲ.

ಶಾಂಭವಿಯ ಅಮ್ಮ ಮಾಲತಿ ಬಾಗಿಲಲ್ಲೇ ಇದ್ದಳು. ಗಂಗೆಯನ್ನು ಕಂಡವಳೇ ಅಂಗಳಕ್ಕಿಳಿದು ಹತ್ತಿರ ಬಂದಳು.

"ಅವನನ್ನ ತಂದ ದಿವಸ ರಸ್ತೆಯಲ್ಲಿ ಒಬ್ಳೇ ನಿಂತು ಅಳ್ತಾ ಇದ್ದವಳು ನೀನೇ ಅಲ್ದೇನೆ? ಕರೆಯೂಕೆ ಬರೂದ್ರೊಳಗೆ ಕಾಣೆಯಾದೆ. ಕಂಡದ್ದು ಸುಳ್ಳೋ ಖರೆಯೋ ಅಂತ ಎಷ್ಟು ದಿವಸ ಯೋಚ್ನೆ ಮಾಡಿದ್ನೋ!"

ಗಂಗೆ ಹೌದೆಂದು ತಲೆಯಾಡಿಸಿದಳು. ಮಾಲತಿ ಅವಳ ತೋಳನ್ನು ಮುಟ್ಟಿ, ಗಟ್ಟಿಯಾಗಿ ಹಿಡಿದು, ಒಳಗೆ ಕರೆದುಕೊಂಡಳು.