ಕೆಂಪು ನಾಯಿಯ ಕಥೆಗೆ ಹೂಂ

ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಗಂಡ ಶಂಕರ್ ಊರೆಲ್ಲ ಹೇಳಿಕೊಂಡು ಬರುತ್ತಾರೆ. ಹೇಳಲಿ. ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡಕ್ಕೆ ನೂರಿಪ್ಪತ್ತೈದಕ್ಕೆ ನೂರಾ ಹದಿನಾಲ್ಕು ತೆಗೆದವಳು ನಾನು. ಅದನ್ನು ಮಾತ್ರ ಯಾರಿಗೂ ಹೇಳುವುದಿಲ್ಲ ಮಹಾರಾಯರು.

ಮಗಳು ನಂದಿತಾ ಹುಣಸೂರಿನ ಇಂಗ್ಲಿಷ್ ಶಾಲೆಯಲ್ಲಿ ಎರಡನೇ ಕ್ಲಾಸು. ಬಿಳಿಕೆರೆ ಪಕ್ಕದ ನಮ್ಮೂರಿಂದ ವ್ಯಾನಿನಲ್ಲಿ ಹೋಗಿಬರುತ್ತಾಳೆ. ಈ ವರ್ಷ ಶಾಲೆಯವರದು ಹೊಸದೊಂದು ಕಾಟ. ಪ್ರತಿ ಶುಕ್ರವಾರ ಕ್ಲಾಸಿಗೆಲ್ಲ ಒಂದೇ ಕಥೆಯ ಬಣ್ಣದ ಪುಸ್ತಕ ಕೊಟ್ಟು ಕಳಿಸುತ್ತಾರೆ. ಅಪ್ಪನೋ ಅಮ್ಮನೋ ಅದನ್ನು ಮಗುವಿಗೆ ಗಟ್ಟಿಯಾಗಿ ಓದಿ ಹೇಳಿ, ಕಾರ್ಡಿಗೆ ಸೈನ್ ಹಾಕಿ ಸೋಮವಾರ ವಾಪಸ್ ಕಳಿಸಬೇಕು. ಪುಸ್ತಕವೋ ಪೂರಾ ಇಂಗ್ಲಿಷ್. ಅಕ್ಷರ ಕೂಡಿಸಿ ಓದುತ್ತೇನೆ, ಸಾಲು ಮುಗಿದ ಮೇಲೆ ಏನು ಓದಿದೆ ಅಂತ ನನಗೇ ಗೊತ್ತಿರುವುದಿಲ್ಲ. ಶಂಕರ್ ಕೈಗೆ ಕೊಟ್ಟೆ.

"ನನ್ ಕೈಲಾಗಾಕಿಲ್ಲ ಕಣಮ್ಮಿ. ಓದಿರೋಳು ನೀನು" ಎಂದು, ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿಗೆ ಸೌದೆ ಹಾಕಲು ಎದ್ದುಹೋದರು.

ನಾನು ಬಿಡುತ್ತೇನೆಯೇ? ಹಗಲೆಲ್ಲ ಸೊಪ್ಪನ್ನು ಕಡ್ಡಿಗೆ ಕಟ್ಟಿ ಅಂಟು ಹಿಡಿದ ಕೈಗೆ ಎರಡು ಸಲ ಸೋಪು ಹಾಕಿ ತೊಳೆದು, ಚಿತ್ರ ನೋಡಿಕೊಂಡು ವಾರವಾರವೂ ನನ್ನದೇ ಕಥೆ ಹೇಳಿದೆ. ಒಂದು ವಾರದ ಪುಸ್ತಕದಲ್ಲಿ ಕೆಂಪು ನಾಯಿ, ಕೊಡೆ ಹಿಡಿದ ಅಜ್ಜಿ, ಹೊಗೆ ಬರುವ ಮನೆ. ಆ ಮನೆ ನಮ್ಮ ಬ್ಯಾರನ್ ಆಯಿತು. ಅಜ್ಜಿ ನಮ್ಮ ಬೀದಿಯ ಕುಳ್ಳಮ್ಮ ಆದಳು. ನಾಯಿ ಅವಳ ಮೇಲೆ ಮುನಿಸಿಕೊಂಡು ಬಿಳಿಕೆರೆಯಲ್ಲಿ ಬಸ್ಸು ಹತ್ತಿ, ಕಂಡಕ್ಟರನ ಕಣ್ಣು ತಪ್ಪಿಸಿ ಸಾಲಿಗ್ರಾಮಕ್ಕೆ ಹೋಯಿತು.

ನಮ್ಮ ಕಡೆ ಕಥೆ ಹೇಳುವಾಗ ಕೇಳುವವರು ಹೂಂಗುಟ್ಟಬೇಕು. ಹೂಂ ನಿಂತರೆ ಕಥೆಯೂ ನಿಲ್ಲುತ್ತದೆ. ನಂದಿತಾಳ ಹೂಂ ಸಣ್ಣಗಾದಾಗ ನಾನು ತಡೆದು ಕೇಳುತ್ತಿದ್ದೆ: "ಈಗೇನಾಯ್ತು ಏಳು?" ಅವಳು ಥಟ್ಟನೆ ಹೇಳಿಬಿಡುತ್ತಿದ್ದಳು. ಅಯ್ಯೋ, ಆ ಒಂದು ಹೂಂಗಾಗಿ ನಾನು ಶುಕ್ರವಾರ ಯಾವಾಗ ಬರುತ್ತದೋ ಎಂದು ಕಾಯುತ್ತಿದ್ದೆ.

ಕೆಂಪು ನಾಯಿಯ ಪುಸ್ತಕ ವಾಪಸ್ ಹೋದ ಸೋಮವಾರ ಮಿಸ್ಸು ಮಕ್ಕಳನ್ನು ಒಬ್ಬೊಬ್ಬರನ್ನೇ ನಿಲ್ಲಿಸಿ, ಮನೆಯಲ್ಲಿ ಕೇಳಿದ ಕಥೆ ಹೇಳಿಸಿದರಂತೆ. ನಂದಿತಾ ಮನೆಗೆ ಬಂದವಳೇ ಬ್ಯಾಗನ್ನು ಜಗುಲಿಗೆ ಎಸೆದಳು.

"ಎಲ್ಲಾರೂ ನಕ್ಕುಬುಟ್ರು. ನಾಯಿ ಬಸ್ಸೇ ಅತ್ನಿಲ್ವಂತೆ. ಅದು ಚೆಂಡು ಉಡುಕ್ತಿತ್ತಂತೆ, ಅಷ್ಟೇಯ. ನೀನು ಓದ್ನೇ ಇಲ್ಲ, ಸುಳ್ಳೇಳ್ದೆ!"

"ಚೆಂಡು ಉಡುಕೋದೂ ಒಂದು ಕತೆನಾ? ನಿಮ್ ಮಿಸ್‌ಗೇನ್ ಗೊತ್ತು?" ಎಂದು ರೇಗಿದೆ. ಮಗು ಅಳತೊಡಗಿತು. ಬೈಯಬೇಕಾದದ್ದು ಅವಳನ್ನಲ್ಲ ಎಂದು ನನಗೆ ಗೊತ್ತಿತ್ತು. ಯಾರನ್ನು ಬೈಯಲಿ? ಇಂಗ್ಲಿಷ್ ಶಾಲೆಗೇ ಸೇರಿಸಬೇಕೆಂದು ಮೂರು ದಿನ ಊಟ ಬಿಟ್ಟು ಹಟ ಹಿಡಿದವಳು ನಾನೇ.

ಮುಂದಿನ ಶುಕ್ರವಾರ ಕೈ ತೊಳೆದು ಬಂದು ಕೂತೆ. ನಂದಿತಾ ಪುಸ್ತಕವನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು.

"ನಾನೇ ಓದ್ತೀನಿ. ನೀನು ಹೂಂ ಅನ್ನು."

ಚಿತ್ರ ನನಗೆ ಕಾಣದಂತೆ ಪುಸ್ತಕವನ್ನು ತನ್ನ ಕಡೆಗೆ ತಿರುಗಿಸಿಕೊಂಡು, ಸಾಲಿನ ಕೆಳಗೆ ಬೆರಳು ಸರಿಸುತ್ತ ಓದಿದಳು. ಮೊದಲೆರಡು ಸಾಲಿಗೆ ನನ್ನ ಕಣ್ಣು ತುಂಬಿ ಬಂತು. ಹೊಗೆಸೊಪ್ಪು ಕಟ್ಟುವವಳ ಮಗಳು ಪಟಪಟನೆ ಇಂಗ್ಲಿಷ್ ಓದುತ್ತಿದ್ದಾಳೆ! ಆಮೇಲೆ ಒಂದೂ ತಿಳಿಯಲಿಲ್ಲ. ಸಾಲು ಮುಗಿದಾಗಲೆಲ್ಲ ಅವಳು ನಿಲ್ಲಿಸುತ್ತಿದ್ದಳು. ನಾನು ಹೂಂ ಅನ್ನುತ್ತಿದ್ದೆ. ಯಾರೋ ಬಂದರು, ಯಾರೋ ಹೋದರು, ಯಾರಿಗೋ ಏನೋ ಆಯಿತು. ಹೂಂ. ಹೂಂ.

ನಂದಿತಾ ತಲೆ ಎತ್ತಿದಳು.

"ಈಗೇನಾಯ್ತು ಏಳು?"

ಊರಿನವರ ಜೊತೆ ಜಗಳಕ್ಕೆ ನಿಂತರೆ ನನ್ನ ಬಾಯಿಗೆ ಎದುರಿಲ್ಲ. ಆ ಏಳು ವರ್ಷದ ಹುಡುಗಿಯ ಮುಂದೆ, ಚಿತ್ರವಾದರೂ ಕಂಡೀತೇ ಎಂದು ಕತ್ತು ಚಾಚಿದೆ. ಅವಳು ಪುಸ್ತಕವನ್ನು ಎದೆಗೊತ್ತಿಕೊಂಡಳು. ನಾನು ಹೇಳುತ್ತೇನೆ ಎಂದು ನಿಜವಾಗಿಯೂ ಕಾದಳು.

"ಓಗ್ಲಿ ಬುಡಮ್ಮ" ಎಂದು ಮೆಲ್ಲಗೆ ಹೇಳಿ ಪುಸ್ತಕ ಮುಚ್ಚಿದಳು. "ಸೈನ್ ಆಕು."

ಓದಿ ಹೇಳಿದವರು ಬರೆಯುವ ಜಾಗ ಯಾವುದೆಂದು ಅವಳೇ ಬೆರಳಿಟ್ಟು ತೋರಿಸಿದಳು. ಅಲ್ಲಿ ಸೌಂದರ್ಯ ಎಂದು ನನ್ನ ಹೆಸರನ್ನು ಕನ್ನಡದಲ್ಲಿ ದುಂಡಗೆ ಬರೆದುಕೊಟ್ಟೆ.