ಎರಡು ಇಂದ್ರಿಯದ ಜೀವ

ಮೂಡುಬಿದಿರೆಯ ಜೈನ ಬಸದಿಯೊಂದರಲ್ಲಿ ಪೂಜೆ ಮಾಡುವ ಭುಜಬಲಿ ಇಂದ್ರರ ಒಬ್ಬಳೇ ಮಗಳು ಅನಂತಮತಿ ಮದ್ರಾಸಿನಲ್ಲಿ ಪ್ರಾಣಿಶಾಸ್ತ್ರ ಓದುತ್ತಿದ್ದಳು. ಅಲ್ಲಿ ಏನು ಮಾಡುತ್ತಾಳೆಂದು ಅಪ್ಪ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ. 1958ರ ಬೇಸಿಗೆಯಲ್ಲಿ ಅವರ ಹೊಟ್ಟೆಯಲ್ಲಿ ಗಡ್ಡೆ ಎಂದು ತಿಳಿದಾಗ, ಅರ್ಧಕ್ಕೆ ನಿಂತ ಸಂಶೋಧನೆಯನ್ನೂ ಕಟ್ಟಿಕೊಂಡೇ ಊರಿಗೆ ಬಂದಳು. ಪೆಟ್ಟಿಗೆಯಲ್ಲಿ ಸೂಕ್ಷ್ಮದರ್ಶಕ, ಮಡಿಲಲ್ಲಿ ದಾರಿಯಲ್ಲಿ ಮಂಗಳೂರಿನ ಕಡಲಲ್ಲಿ ಹಿಡಿದ ಕೊಳವೆಹುಳಗಳ ಭರಣಿ.

ಆ ಹುಳದ ತಲೆಯ ಮೇಲೆ ಗರಿಯಂಥ ಕಿವಿರುಗಳಿರುತ್ತವೆ. ಗರಿಯ ಅಂಚಿನುದ್ದಕ್ಕೂ ಸಿಲಿಯಾ ಎಂಬ, ಬರಿಗಣ್ಣಿಗೆ ಕಾಣದ ರೋಮಗಳು. ಒಂದರ ಹಿಂದೊಂದು ಬಾಗಿ ಏಳುತ್ತ ಅವು ನೀರನ್ನೆಳೆದು ಆಹಾರವನ್ನು ಬಾಯಿಗೆ ಸಾಗಿಸುತ್ತವೆ. ಯಾವ ಸಾಲು ಯಾವ ದಿಕ್ಕಿಗೆ ಬಡಿಯುತ್ತದೆ ಎಂಬುದೇ ಅವಳ ವಿಷಯ.

ಒಂದು ದಿನ ಅಪ್ಪ ಗೋಡೆ ಹಿಡಿದುಕೊಂಡು ಅವಳ ಕೋಣೆಗೆ ಬಂದರು. "ನನಗೂ ತೋರಿಸು ಮಗಳೇ."

ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದರು. ಕಾಯಿಲೆ ಬಿದ್ದ ಮೇಲೆ ಅವರು ನಕ್ಕದ್ದು ಅಂದೇ.

"ಪೈರಿನ ಮೇಲೆ ಗಾಳಿ ಹೋದ ಹಾಗೆ ಉಂಟು. ಹುಳ ಎಲ್ಲಿ?"

ಅವಳಿಗೆ ಸುಳ್ಳು ಹೇಳಲಾಗಲಿಲ್ಲ. "ಇದು ಕತ್ತರಿಸಿದ ತುಂಡು, ಅಪ್ಪ. ಹುಳ ಬೆಳಿಗ್ಗೆಯೇ ಸತ್ತಿದೆ."

"ಮತ್ತೆ ಅಲ್ಲಾಡುವುದು ಹೇಗೆ?"

"ರೋಮಗಳಿಗೆ ತಲೆ ಬೇಡ. ಸಂಜೆಯವರೆಗೂ ಬಡಿಯುತ್ತಿರ್ತವೆ."

"ನೋವು ಗೊತ್ತಾಗ್ತದಾ?"

"ನನಗೆ ಗೊತ್ತಿಲ್ಲ."

"ಹುಳ ಅಂದ್ರೆ ಎರಡು ಇಂದ್ರಿಯದ ಜೀವ. ಸ್ಪರ್ಶ ಉಂಟು, ರುಚಿ ಉಂಟು. ನೀನು ಸಣ್ಣವಳಿರುವಾಗಲೇ ಹೇಳಿಕೊಟ್ಟಿದ್ದೆ."

ಬೈಯದೆ ಎದ್ದುಹೋದರು. ಆದರೆ ಮಧ್ಯಾಹ್ನ ಅವಳು ಬಟ್ಟೆಯಲ್ಲಿ ಸೋಸಿ ತಂದಿಟ್ಟ ನೀರನ್ನು ಮುಟ್ಟಲಿಲ್ಲ. ತಾಯಿ ವಿಮಲಾ ಕೊಟ್ಟದ್ದನ್ನು ಕುಡಿದರು. ಅಂದಿನಿಂದ ಗಂಜಿ, ಮದ್ದು, ಯಾವುದೂ ಮಗಳ ಕೈಯಿಂದ ಬೇಡವಾಯಿತು. ಭರಣಿಯಲ್ಲಿ ಉಳಿದ ಹುಳಗಳು ತಾವಾಗಿಯೇ ಸತ್ತು ನಾರಿದವು.

"ಇನ್ನು ಕತ್ತರಿಸುವುದಿಲ್ಲ ಅಂತ ಒಂದು ಮಾತು ಹೇಳಿಬಿಡು" ಎಂದರು ತಾಯಿ.

ಅನಂತಮತಿ ಅಪ್ಪನ ಹಾಸಿಗೆಯವರೆಗೆ ಹೋಗಿ ನಿಂತಳು. ಆ ಮಾತು ನಿಜವಾಗುತ್ತಿರಲಿಲ್ಲ. ಹೇಳದೆ ಹಿಂತಿರುಗಿದಳು.

ಆಟಿ ತಿಂಗಳ ಮಳೆಯಲ್ಲಿ ಒಂದು ದಿನ ಅಪ್ಪನ ನಾಲಿಗೆ ಒಣಗಿತು. ತಾಯಿ ಬಾವಿಕಟ್ಟೆಯಲ್ಲಿದ್ದರು. ಅನಂತಮತಿ ಅಪ್ಪನ ತಲೆಯೆತ್ತಿ ಚಮಚವನ್ನು ಬಾಯಿಗೆ ಹಿಡಿದಳು. ಅವರು ಕಣ್ಣುಬಿಟ್ಟು ಅವಳನ್ನು ಗುರುತಿಸಿದರು, ಅವಳ ಮುಂಗೈಯನ್ನು ಮೆಲ್ಲಗೆ ಸವರಿದರು. ತುಟಿ ತೆರೆಯಲಿಲ್ಲ. ನೀರು ಗದ್ದದಿಂದಿಳಿದು ದಿಂಬು ಒದ್ದೆಯಾಯಿತು. ತಾಯಿ ಒಳಗೆ ಬರುವಷ್ಟರಲ್ಲಿ ಉಸಿರು ನಿಂತಿತ್ತು.

ಸೂತಕ ಕಳೆದ ಮೇಲೆ ಅವಳು ಪೆಟ್ಟಿಗೆ ಕಟ್ಟಿದಳು.

"ಪುನಃ ಅದೇ ಕೆಲಸಕ್ಕಾ?" ವಿಮಲಾ ಕೇಳಿದರು.

"ಹೌದಮ್ಮ."

ವಿಮಲಾ ಒಳಗೆ ಹೋಗಿ ಅವಲಕ್ಕಿಯ ಪೊಟ್ಟಣ ತಂದುಕೊಟ್ಟರು. ಜಗಲಿಯಿಂದ ಕೆಳಗಿಳಿಯಲಿಲ್ಲ.