ಹಲಗೆಯ ಮೇಲಿನ ಮರಿಗಳು

ನಮ್ಮ ಕಣಿವೆಯಲ್ಲಿ ಹೆಂಗಸು ಬೆಳಿಗ್ಗೆ ಎದ್ದು ಮೊದಲು ಮಾತಾಡಿಸುವುದು ಗಂಡನನ್ನಲ್ಲ, ಹಂದಿಯನ್ನು. ಗಂಡ ಎದ್ದಿರುವುದೂ ಇಲ್ಲ. ದಪ್ಪ ಗೆಣಸು ಮನೆಯವರಿಗೆ, ಸಣ್ಣದು ಹಂದಿಗೆ ಎಂದು ಬೇರೆ ಮಾಡಿ, ಬೆಂಕಿ ಹೊತ್ತಿಸಿದ ಮೇಲೆ ಅವಳ ದಿನ ಶುರುವಾಗುತ್ತದೆ. ಹಂದಿ ಸಾಕುವವಳು ಹೆಂಗಸು, ಅದನ್ನು ನಾಲ್ಕು ಜನರೆದುರು ಕೊಟ್ಟು ಹೆಸರು ಪಡೆಯುವವನು ಗಂಡಸು. ಇದು ತಪ್ಪೆಂದು ನನಗೂ ಬಹಳ ಕಾಲ ಅನ್ನಿಸಿರಲಿಲ್ಲ.

ನಮ್ಮಪ್ಪ ರುಂಬಾನಿಗೆ ಇಬ್ಬರು ಹೆಂಡಿರು. ಹಿರಿಯಳು ನನ್ನ ತಾಯಿ. ಕಿರಿಯಳು ನೋಮಿ, ನನಗೆ ಚಿಕ್ಕಮ್ಮ. ಅವಳಿಗೆ ಮಕ್ಕಳಾಗಲಿಲ್ಲ. ಹದಿನಾಲ್ಕು ವರ್ಷದಿಂದ ಮನೆಯ ಹಂದಿಗಳೆಲ್ಲ ಅವಳ ಕೈಯಲ್ಲೇ ಬೆಳೆದವು. ಒಂದೊಂದಕ್ಕೂ ಹೆಸರಿಟ್ಟು ಕರೆಯುತ್ತಿದ್ದಳು. ಮದುವೆಗೋ ಸಾವಿಗೋ ಅವುಗಳನ್ನು ಹೊಡೆದುಕೊಂಡು ಹೋದ ದಿನ ಹಿತ್ತಲಲ್ಲಿ ಕೂತು ಮುಖ ಮುಚ್ಚಿಕೊಳ್ಳುತ್ತಿದ್ದಳು.

ನಮ್ಮಣ್ಣ ಕೆವಾನ ಮದುವೆ ಗೊತ್ತಾದಾಗ ಹೆಣ್ಣಿನ ಕಡೆಯವರಿಗೆ ತೆರವಾಗಿ ಕೊಡಲು ಅಪ್ಪ ಒಂಬತ್ತು ಮರಿಗಳನ್ನು ತೆಗೆದಿಟ್ಟ. ಪೇಟೆಯಲ್ಲಿ ಯಾರದೋ ಹಲಗೆ ಹಾಸಿದ ಗೂಡು ನೋಡಿ ಬಂದಿದ್ದನಂತೆ. ನೆಲದಿಂದ ಮೊಣಕಾಲೆತ್ತರಕ್ಕೆ ಹಲಗೆ ಹೊಡೆಸಿ, ಮೇಲೆ ತಗಡು ಹಾಕಿಸಿ, ಸುತ್ತ ಬಿಗಿಯಾಗಿ ಗೋಡೆ ಕಟ್ಟಿಸಿದ. ಕಳ್ಳರ ಕಾಟವಿಲ್ಲ, ಕೆಸರಿಲ್ಲ, ಯಾರ ತೋಟಕ್ಕೂ ನುಗ್ಗುವುದಿಲ್ಲ. ಬಂದವರಿಗೆಲ್ಲ ತೋರಿಸುತ್ತಿದ್ದ. ಹಾಲು ಬಿಟ್ಟ ಮರಿಗಳು ಹಲಗೆ ಹತ್ತಿದವು. ಅಲ್ಲಿಂದಾಚೆಗೆ ಅವು ಕಂಡದ್ದು ಬೇಯಿಸಿದ ಗೆಣಸು, ಮೂಸಿದ್ದು ಹಲಗೆ.

ಎರಡು ತಿಂಗಳಿಗೆ ಅವುಗಳ ಮುಂಗಾಲು ಬಾಗಿದವು. ಗಂಟುಗಳು ಊದಿದವು. ನಾಯಿಯ ಹಾಗೆ ಹಿಂಗಾಲ ಮೇಲೆ ಕೂತು, ಎಬ್ಬಿಸಿದರೆ ಕಿರುಚುತ್ತಿದ್ದವು. ಒಂದನ್ನು ಅಪ್ಪ ಎತ್ತಿದಾಗ ಅದರ ತೊಡೆಯೆಲುಬು ಅವನ ಕೈಯಲ್ಲೇ ಲಟ್ಟನೆ ಮುರಿಯಿತು.

ಅಪ್ಪ ತಿರುಗಿ ನೋಡಿದ್ದು ಹಲಗೆಯನ್ನಲ್ಲ, ಚಿಕ್ಕಮ್ಮನನ್ನು.

ನಮ್ಮೂರಿನ ನಂಬಿಕೆ ಇದು: ಹೆಂಗಸು ಸಿಟ್ಟನ್ನು ನುಂಗಿಕೊಂಡು ಉಣಿಸಿದರೆ ಆ ಸಿಟ್ಟು ಬೆರಳಿನಿಂದ ಇಳಿದು ಹಂದಿಯ ಕಾಲು ಹಿಡಿಯುತ್ತದೆ. ಅಂಥವಳು ಹಳ್ಳದಾಚೆಯ ಗುಡಿಸಿಲಲ್ಲಿ ಒಬ್ಬಳೇ ಇರಬೇಕು. ಅವಳ ಬೆಂಕಿಯ ಹತ್ತಿರ ಯಾರೂ ಕೂರುವಂತಿಲ್ಲ, ಮಾತಾಡಿಸುವಂತಿಲ್ಲ. ಯಾರ ಮೇಲೆ ಏನು ಸಿಟ್ಟು ಎಂದು ಊರೆದುರು ಬಾಯಿಬಿಟ್ಟರೆ ಮನೆಗೆ ಬರಬಹುದು. ಹಿಂದಿನ ವರ್ಷ ಒಬ್ಬಳು, ಬರೀ ಮನೆಗೆ ಬರುವ ಆಸೆಗೆ, ಇಲ್ಲದ ಸಿಟ್ಟನ್ನು ಮೈದುನನ ಮೇಲೆ ಹೇಳಿದಳು. ಮನೆಗೇನೋ ಬಂದಳು. ಅವನು ಹೊಡೆದ ಏಟಿಗೆ ಇವತ್ತಿಗೂ ಬಲಗೈ ಎತ್ತಲಾರಳು.

ನಾನು ಎರಡು ವರ್ಷ ಕೃಷಿ ಶಾಲೆಯಲ್ಲಿ ಪಶುಸಾಕಣೆ ಕಲಿತು ಊರಿಗೆ ಬರುವ ಹೊತ್ತಿಗೆ ಚಿಕ್ಕಮ್ಮ ಹಳ್ಳದಾಚೆ ಹೋಗಿ ಹನ್ನೊಂದು ದಿನವಾಗಿತ್ತು. ಮರಿಗಳನ್ನು ನೋಡಿದ ಕೂಡಲೇ ನನಗೆ ತಿಳಿಯಿತು.

"ಅಪ್ಪಾ, ಇದು ಸಿಟ್ಟಲ್ಲ. ಎಲುಬಿಗೆ ಬೇಕಾದ ಖನಿಜ ಇವಕ್ಕೆ ಸಿಕ್ಕಿಲ್ಲ. ಸುಣ್ಣದ ಅಂಶ, ರಂಜಕ, ಎರಡೂ ಗೆಣಸಲ್ಲಿ ತೀರಾ ಕಮ್ಮಿ. ನೆಲದ ಮೇಲಿದ್ದಾಗ ಮಣ್ಣು ಕೆದಕಿ ಹುಳ, ಬೇರು, ಎಲುಬು ಅಂತ ಏನೇನೋ ತಿಂದ್ಕೊಳ್ತಿದ್ವು. ಬಿಸಿಲು ಕಾಯ್ತಿದ್ವು. ನೀನು ಅಟ್ಟಕ್ಕೆ ಹತ್ತಿಸಿದ್ದೀಯ."

"ಓಹೋ! ನಿನ್ನಜ್ಜ ಖನಿಜ ಹಾಕಿ ಸಾಕಿದ್ನೇನೇ?"

"ಅಜ್ಜ ಹಲಗೆ ಹಾಕಿ ಸಾಕಲಿಲ್ಲ."

"ಎಸ್ತಾ, ಬಾಯಿ ಮುಚ್ಚು. ಎರಡು ವರ್ಷ ಪುಸ್ತಕ ಮೂಸಿ ಬಂದು ನಲವತ್ತು ವರ್ಷ ಹಂದಿ ಕೊಟ್ಟವನಿಗೆ ಬುದ್ಧಿ ಹೇಳ್ತಾಳೆ."

"ನೀನು ಕೊಟ್ಟೆ ಅಪ್ಪ. ಸಾಕಿದ್ದು ಚಿಕ್ಕಮ್ಮ."

ಅಪ್ಪ ಕೈಯೆತ್ತಿದ. ಅಮ್ಮ ನಡುವೆ ಬಂದು, "ಹೋಗ್ಲಿ ಬಿಡೇ, ದೊಡ್ಡೋರಿಗೆ ಗೊತ್ತಿರುತ್ತೆ," ಎಂದಳು. ಗೂಡಿನ ಕೆಲಸ ಈಗ ಅಮ್ಮನ ಪಾಲಿಗೆ ಬಂದಿತ್ತು. ತೀರಾ ಏಳಲಾರದ ಮೂರು ಮರಿಗಳನ್ನು ಅಪ್ಪ, "ಮಾಡಿದವಳೇ ನೋಡ್ಲಿ," ಎಂದು ಹಳ್ಳದಾಚೆ ಬಿಡಿಸಿದ.

ಇಲ್ಲಿ ನನ್ನ ತಪ್ಪನ್ನೂ ಹೇಳಬೇಕು. ಇಷ್ಟೆಲ್ಲ ಮಾತಾಡಿದ ನಾನು ಮುಂದಿನ ನಾಲ್ಕು ದಿನ ಹಳ್ಳ ದಾಟಲಿಲ್ಲ. ದಾಟಿದವಳನ್ನು ಊರು ಹೇಗೆ ನೋಡುತ್ತದೆಂದು ನನಗೆ ಗೊತ್ತಿತ್ತು. ಆಚೆ ದಡದಲ್ಲಿ ಸಣ್ಣ ಹೊಗೆ ಏಳುವುದನ್ನು ನೋಡಿ, ಬದುಕಿದ್ದಾಳೆ ಎಂದುಕೊಂಡು ಸುಮ್ಮನಾಗುತ್ತಿದ್ದೆ. ಕಲಿತದ್ದು ತಲೆಯಲ್ಲಿತ್ತು, ಕಾಲಿಗೆ ಇಳಿದಿರಲಿಲ್ಲ.

ಐದನೆಯ ದಿನ ಹೋದೆ. ಚಿಕ್ಕಮ್ಮ ಮರಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಮಾತಾಡುತ್ತಿದ್ದಳು. ನನ್ನನ್ನು ಕಂಡು ಮಾತು ನಿಲ್ಲಿಸಿದಳು.

"ಮನುಷ್ಯರ ಹತ್ರ ಮಾತಾಡಿ ಎಷ್ಟು ದಿನ ಆಯ್ತೋ ಮಗಾ. ನನ್ನ ದನಿ ನಂಗೇ ಮರೆತುಹೋಗ್ತಿತ್ತು," ಎಂದಳು. ಆಮೇಲೆ ಮೆಲ್ಲಗೆ ಕೇಳಿದಳು: "ನಿಜ ಹೇಳು, ನನ್ನಿಂದಲೇ ಆಯ್ತಾ ಇದು?"

ಆ ಪ್ರಶ್ನೆ ಕೇಳಿ ನನಗೆ ಅಳು ಬಂತು. ಹದಿನೈದು ದಿನದ ಒಂಟಿತನ ಅವಳನ್ನೂ ನಂಬಿಸುತ್ತ ಬಂದಿತ್ತು.

ಅಂದು ಹಬ್ಬದ ಬಯಲಿಗೆ ಹೋಗಿ, ಹಳೆಯ ಊಟಗಳಲ್ಲಿ ಬಿಸಾಡಿದ ಎಲುಬನ್ನೆಲ್ಲ ಚೀಲ ತುಂಬಿ ತಂದೆವು. ಬೆಳ್ಳಗಾಗುವ ತನಕ ಸುಟ್ಟು, ಕಲ್ಲಿನ ಮೇಲೆ ಅರೆದು, ಜರಡಿ ಹಿಡಿದೆವು. ಗೆಣಸಿನ ಜೊತೆ ದಿನಕ್ಕೆ ಒಂದು ಚಮಚ ಎಲುಬಿನ ಬೂದಿ, ಒಂದು ಹಿಡಿ ಗೆಣಸಿನ ಸೊಪ್ಪು. ಮರಿಗಳು ದಿನವೆಲ್ಲ ಬಿಸಿಲಲ್ಲಿ, ಮಣ್ಣಿನ ಮೇಲೆ.

ತೊಡೆ ಮುರಿದದ್ದು ಸತ್ತಿತು. ಉಳಿದೆರಡರ ಕಾಲು ನೆಟ್ಟಗಾಗಲಿಲ್ಲ, ಅದು ಆಗುವ ಮಾತೂ ಅಲ್ಲ. ಆದರೆ ತಿಂಗಳೊಳಗೆ ನೋವಿಲ್ಲದೆ ಎದ್ದು ನಿಂತವು. ಆರನೆಯ ವಾರ ಸೊಟ್ಟಗಾಲಲ್ಲೇ ಓಡಿ ಚಿಕ್ಕಮ್ಮನ ಗೆಣಸಿನ ಪಾತಿಯನ್ನು ಕೆದರಿ ಹಾಳುಮಾಡಿದವು. ಅವಳು ಕೋಲು ಹಿಡಿದು ಬೈಯುತ್ತ ನಕ್ಕಳು.

ಇತ್ತ ಹಲಗೆಯ ಮೇಲೆ, ಅಪ್ಪನ ಹಟಕ್ಕೆ ಅಮ್ಮ ಬರೀ ಗೆಣಸು ಉಣಿಸುತ್ತಿದ್ದ ಆರರಲ್ಲಿ ನಾಲ್ಕು ಮಲಗಿಬಿಟ್ಟಿದ್ದವು. ಈಗ ಅಪ್ಪ ಅಮ್ಮನ ಕೈಯನ್ನು ಅನುಮಾನದಿಂದ ನೋಡತೊಡಗಿದ. ಅಮ್ಮನಿಗೆ ಅನ್ನನೀರು ಸೇರದಾಯಿತು.

ಹೆಣ್ಣಿನ ಕಡೆಯವರು ಹಂದಿ ನೋಡಲು ಬರುವ ಮುಂಚಿನ ದಿನ ಅಪ್ಪ ಹಳ್ಳದ ಈಚೆ ದಡದಲ್ಲಿ ನಿಂತು ಕೂಗಿದ.

"ನೋಮೀ! ನಿನ್ನ ಮರಿ ಎದ್ದಿವೆಯಂತೆ. ಮನಸ್ಸಲ್ಲೇ ಒಪ್ಪಿಕೊಂಡಿದ್ದೀಯ ಅಂತಾಯ್ತು. ನಾಳೆ ಎಲ್ಲರೆದುರು ಒಂದು ಮಾತು ಹೇಳು, ದೊಡ್ಡವಳ ಮೇಲೆ ಸಿಟ್ಟಿತ್ತು ಅಂತ. ಅಲ್ಲಿಗೆ ಮುಗೀತು. ನೀನು ಮನೆಗೆ ಬಾ. ಅವಳ ಕಡೆಗೂ ಯಾರೂ ಬೆರಳು ತೋರಿಸಲ್ಲ."

ಚಿಕ್ಕಮ್ಮ ನನ್ನ ಪಕ್ಕದಲ್ಲಿ ಕೂತು ಎಲುಬು ಅರೆಯುತ್ತಲೇ ಇದ್ದಳು. ಒಂದು ಸುಳ್ಳಿಗೆ ಅವಳಿಗೆ ಮನೆ ಸಿಗುತ್ತದೆ, ನನ್ನ ತಾಯಿ ಉಳಿಯುತ್ತಾಳೆ. ಹೇಳಿಬಿಡು ಎಂಬ ಮಾತು ನನ್ನ ಬಾಯಿಗೇ ಬಂದಿತ್ತು. ನುಂಗಿಕೊಂಡೆ.

ಮಾರನೆಯ ದಿನ ಬಯಲಿನಲ್ಲಿ ಊರೆಲ್ಲ ಸೇರಿತ್ತು. ಚಿಕ್ಕಮ್ಮ ಎರಡು ಸೊಟ್ಟಗಾಲಿನ ಮರಿಗಳನ್ನು ಹಗ್ಗ ಹಿಡಿದು ತಂದು ನಡುವೆ ನಿಂತಳು.

"ಹೇಳಮ್ಮ, ಸಿಟ್ಟಿತ್ತಾ?" ಎಂದರು ಹಿರಿಯರು.

"ಇತ್ತು."

ಅಪ್ಪ ಸುತ್ತ ನೋಡಿ ತಲೆಯಾಡಿಸಿದ.

"ಹದಿನಾಲ್ಕು ವರ್ಷದಿಂದ ಇತ್ತು," ಎಂದಳು ಚಿಕ್ಕಮ್ಮ. "ಬಂಜೆ ಅಂದಾಗ ಇತ್ತು. ನಾನು ಸಾಕಿದ್ದನ್ನ ಕೇಳದೆ ಹೊಡ್ಕೊಂಡು ಹೋದಾಗಲೆಲ್ಲ ಇತ್ತು. ಮಾವ ಸತ್ತಾಗ ಕೊಟ್ಟ ಹಂದಿ ನೆನಪಿದೆಯಾ ನಿಮಗೆ? ನಾಲ್ಕು ಜನ ಸೇರಿ ಹೊರೋ ಭಾರ, ಆದ್ರೂ ಕಾಲು ಬಾಗಿರಲಿಲ್ಲ ಅದರದು. ಅದನ್ನೂ ಸಿಟ್ಟಲ್ಲೇ ಸಾಕಿದ್ದೆ. ಹೆಂಗಸಿನ ಸಿಟ್ಟಿಗೆ ಕಾಲು ಮುರಿಯೋದಾದ್ರೆ ಈ ಕಣಿವೇಲಿ ಒಂದು ಹಂದೀನೂ ನಿಂತಿರ್ತಿರಲಿಲ್ಲ. ಈ ಮರಿಗಳಿಗೆ ನಾನು ಹಾಕಿದ್ದು ಎಲುಬಿನ ಬೂದಿ. ಒಪ್ಪಿಕೊಳ್ಳೋಕೆ ನನ್ನ ಹತ್ರ ಬೇರೆ ಏನೂ ಇಲ್ಲ."

"ಒಪ್ಪಲಿಲ್ಲ ಅಂದ್ರೆ ಅಲ್ಲೇ ಇರು, ಸಾಯೋ ತನಕ ಇರು!" ಎಂದು ಅಪ್ಪ ಕಿರುಚಿದ. ಚಿಕ್ಕಮ್ಮ ಹಗ್ಗ ಹಿಡಿದು ಬಂದ ದಾರಿಯಲ್ಲೇ ಹೊರಟಳು. ಅಷ್ಟು ಜನರಲ್ಲಿ ಒಬ್ಬರೂ ಅವಳ ಜೊತೆ ಎದ್ದು ಹೋಗಲಿಲ್ಲ. ನಾನು ಓಡಿಹೋಗಿ ಒಂದು ಹಗ್ಗ ತೆಗೆದುಕೊಂಡೆ.

ಮೂರು ದಿನ ಕಳೆದ ಮೇಲೆ ಬೆಳಿಗ್ಗೆ ನಾವು ಬೂದಿ ಜರಡಿ ಹಿಡಿಯುತ್ತಿದ್ದಾಗ ಯಾರೋ ಹಳ್ಳ ದಾಟಿ ಬರುವುದು ಕಂಡಿತು. ನನ್ನ ತಾಯಿ. ಏಳಲಾರದ ಒಂದು ಮರಿಯನ್ನು ಸೀರೆಯಷ್ಟುದ್ದದ ಹಳೆ ಬಟ್ಟೆಯಲ್ಲಿ ಬೆನ್ನಿಗೆ ಕಟ್ಟಿಕೊಂಡಿದ್ದಳು, ಕೈಯಲ್ಲಿ ಬಾಳೆಲೆಯಲ್ಲಿ ಸುತ್ತಿದ ಎಲುಬಿನ ಗಂಟು. ಗುಡಿಸಿಲಿನಿಂದ ಹತ್ತು ಹೆಜ್ಜೆ ದೂರದಲ್ಲಿ ನಿಂತುಬಿಟ್ಟಳು. ಮುಂದೆ ಬರಲು ಅವಳಿಗೆ ಆಗಲಿಲ್ಲ.

"ನೋಮೀ," ಎಂದಳು. "ನನಗೂ ಇತ್ತು ಕಣೇ ಸಿಟ್ಟು."

ಚಿಕ್ಕಮ್ಮ ಜರಡಿಯನ್ನು ಕೆಳಗಿಟ್ಟಳು. ಆಮೇಲೆ ಒಲೆಯ ಪಕ್ಕದ ಜಾಗವನ್ನು ಕೈಯಿಂದ ಗುಡಿಸಿದಳು.

"ಬೆಂಕಿ ಇದೆ ಅಕ್ಕ," ಎಂದಳು. "ಕೂತ್ಕೋ ಬಾ."